ಬೆಳ್ಳಕ್ಕಿ ಯಾಕೆ ಸುಣ್ಣದ ಉಂಡೆಯಾಯಿತು?

ಪ್ರಶ್ನೆ: ಬೇಲೂರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಬಿಡುವಾದಾಗ ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಹೋಗಿ ಹಕ್ಕಿಗಳ ಫೋಟೊ ತೆಗೆಯುತ್ತೇನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, 70–300 ಎಂಎಂ ಲೆನ್ಸ್. ಬೆಳ್ಳಕ್ಕಿ ಮಾತ್ರ ಸುಣ್ಣದ ಉಂಡೆ ಥರ ಬರುತ್ತೆ, ಗರಿ ಕಾಣೋದೇ ಇಲ್ಲ. ಎಡಿಟ್ ಮಾಡಲು ಹೋದರೆ ಹಕ್ಕಿಯ ಸುತ್ತ ಬಿಳಿ ಗೆರೆ. ಇನ್ನೂ ದೂರದ್ದನ್ನು ಹತ್ತಿರ ತೋರಿಸುವ 600ರ ಲೆನ್ಸ್ ಕೊಳ್ಳಬೇಕಾ? ಮೂರು ಫೋಟೊ ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ನಿಮ್ಮ ಲೆನ್ಸಿನಲ್ಲಿ ತಪ್ಪಿಲ್ಲ.

ಮೊದಲ ಫೋಟೊ ನೋಡಿ. ಮುಕ್ಕಾಲು ಭಾಗ ಕಪ್ಪು ನೀರು, ನಡುವೆ ಪುಟ್ಟ ಬಿಳಿ ಹಕ್ಕಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಹಕ್ಕಿ ಯಾವುದು, ನೀರು ಯಾವುದು ಗೊತ್ತಿಲ್ಲ. ಎಲ್ಲವನ್ನೂ ಸೇರಿಸಿ ನಡುಬೂದು ಮಾಡಬೇಕು ಅನ್ನುವುದಷ್ಟೇ ಅದರ ಲೆಕ್ಕ. ನೀರು ಕಪ್ಪಾಗಿದೆ ಅಂತ ಬೆಳಕು ಏರಿಸುತ್ತದೆ. ನೀರು ಬೂದಾಗುತ್ತದೆ, ಬೆಳ್ಳಕ್ಕಿ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಆಕಾಶಕ್ಕೆ ಹಾರಿದರೆ ಉಲ್ಟಾ: ಹಿಂದೆ ಬೆಳಕು ಜಾಸ್ತಿ, ಹಕ್ಕಿ ಮಂಕು. ನಿಮ್ಮ ಎರಡನೇ ಫೋಟೊದಲ್ಲಿ ಆಗಿರುವುದು ಇದೇ.

ಮೀಟರಿನ ಲೆಕ್ಕಕ್ಕಿಂತ ಬೆಳಕು ಇಳಿಸಲು ಮೈನಸ್, ಏರಿಸಲು ಪ್ಲಸ್ ತಿರುಗಿಸುತ್ತಾ ಸರಿಮಾಡಬಹುದು. ನಾನೂ ಬಹಳ ದಿನ ಹಾಗೇ ಮಾಡುತ್ತಿದ್ದೆ. ಒಮ್ಮೆ ಹಿರೇಕೊಳಲೆ ಕೆರೆಯಲ್ಲಿ ಬೆಳ್ಳಕ್ಕಿಗೆ ಅಂತ ಮೈನಸ್ಸಿಗೆ ಇಳಿಸಿದ್ದೆ. ಪಕ್ಕದ ಕೊರಡಿನ ಮೇಲೆ ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ಹಾಗೇ ತಿರುಗಿ ನಲವತ್ತು ಫೋಟೊ ಹೊಡೆದೆ. ಮನೆಗೆ ಬಂದು ನೋಡಿದರೆ ನಲವತ್ತು ಇದ್ದಿಲು ತುಂಡು! ಅವತ್ತಿನಿಂದ ಕೆರೆಯ ಹತ್ತಿರ ಮ್ಯಾನ್ಯುಯಲ್ (ಸೆಟ್ಟಿಂಗ್ ಎಲ್ಲ ನಾವೇ ಇಡುವ ಮೋಡ್) ಬಿಟ್ಟು ಬೇರೆ ಮುಟ್ಟಿಲ್ಲ.

ಹೆದರಬೇಡಿ, ಅದು ಇನ್ನೂ ಸುಲಭ. ಹಕ್ಕಿ ನೀರಿನ ಮುಂದಿರಲಿ, ಜೊಂಡಿನ ಮುಂದಿರಲಿ, ಅದರ ಮೈಮೇಲೆ ಬೀಳುವ ಬಿಸಿಲು ಒಂದೇ ಅಲ್ವಾ? ಹಾಗಾದರೆ ಸೆಟ್ಟಿಂಗ್ ಯಾಕೆ ಬದಲಾಗಬೇಕು? ಮೋಡವಿಲ್ಲದ ದಿನ ಬೆಳಗ್ಗೆ ಏಳೂವರೆಗೆ ಎಫ್ 6.3, ಶಟರ್ 1/2000, ಐಎಸ್ಒ 400 ಇಟ್ಟು ಒಂದು ಬೆಳ್ಳಕ್ಕಿ ತೆಗೆಯಿರಿ. ಮೆನುವಿನಲ್ಲಿ ಹೈಲೈಟ್ ಅಲರ್ಟ್ ಆನ್ ಮಾಡಿಕೊಂಡಿರಿ, ಸುಟ್ಟುಹೋದ ಬಿಳಿ ಪರದೆಯಲ್ಲಿ ಮಿಟುಕುತ್ತದೆ. ಹಕ್ಕಿಯ ಬೆನ್ನಿನ ಮೇಲೆ ಮಿಣಮಿಣ ಮಿಟುಕಿದರೆ ಶಟರ್ ವೇಗ ಒಂದು ಹೆಜ್ಜೆ (ಡಯಲ್‌ನ ಒಂದು ಕ್ಲಿಕ್) ಏರಿಸಿ. ಮಿಟುಕು ನಿಂತಿತಾ? ಬಿಸಿಲು ಬದಲಾಗುವ ತನಕ ಬೆಳ್ಳಕ್ಕಿಗೆ ಅದೇ ಸಾಕು. ನೀರುಕಾಗೆಗೆ ಮಾತ್ರ ಶಟರ್ ಎರಡು ಮೂರು ಹೆಜ್ಜೆ ಇಳಿಸಿ. ರೆಕ್ಕೆ ಒಣಗಿಸುತ್ತಾ ಕೂತ ಹಕ್ಕಿಗೆ 1/1000 ಧಾರಾಳ.

ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಫೈಲ್) ಆಗಿರಲಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಆದರೆ ಪೂರ್ತಿ ಸುಟ್ಟುಹೋದ ಬಿಳಿಯನ್ನು ರಾ ಕೂಡ ವಾಪಸ್ ತರುವುದಿಲ್ಲ. ಅಲ್ಲಿ ಗರಿ ದಾಖಲಾಗಿಯೇ ಇಲ್ಲ. ಬಿಳಿ ಉಳಿಸಿಕೊಂಡಿದ್ದರೆ, ಮಂಕಾದ ನೀರನ್ನು ಆಮೇಲೆ ಎತ್ತಬಹುದು.

ಮೂರನೇ ಫೋಟೊ ಹನ್ನೊಂದು ಗಂಟೆಯದು. ಫೋಕಸ್ ಸರಿಯಾಗಿದೆ, ಆದರೂ ಮಬ್ಬು. ನೀರಿನ ಮೇಲಿನ ಬಿಸಿಗಾಳಿ ಅಲುಗಾಡಿದ್ದಕ್ಕೆ ಹಾಗಾಗಿದೆ. 600ರ ಲೆನ್ಸ್ ಹಾಕಿದ್ದರೆ ಆ ಅಲುಗಾಟವೂ ದೊಡ್ಡದಾಗಿಯೇ ಕಾಣುತ್ತಿತ್ತು. ಒಂಬತ್ತಕ್ಕೆ ಕ್ಯಾಮೆರಾ ಚೀಲಕ್ಕೆ ಹಾಕಿ ತಿಂಡಿಗೆ ಹೋಗಿ.

ಇನ್ನೊಂದು ಮಾತು. ಮೂರನ್ನೂ ಏರಿ ಮೇಲೆ ನಿಂತು ತೆಗೆದಿದ್ದೀರಿ. ಕೆಳಗಿಳಿದು, ಹಳೇ ಗೋಣಿಚೀಲ ಹಾಸಿ ಮಲಗಿ. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಂದರೆ ಹಿಂದಿನ ದಡ ದೂರ ಹೋಗಿ ಹಸಿರು ಪರದೆಯಾಗುತ್ತದೆ. ಮಲಗಿದವರಿಗೆ ಹಕ್ಕಿ ಅಷ್ಟಾಗಿ ಬೆದರುವುದೂ ಇಲ್ಲ. ಅರ್ಧ ಗಂಟೆ ಸುಮ್ನೆ ಇದ್ದರೆ ಅದೇ ಹತ್ತಿರ ಬರುವುದುಂಟು. ಸಣ್ಣ ಬೆಳ್ಳಕ್ಕಿ ಒಂದು ಕಾಲನ್ನು ನೀರೊಳಗೆ ನಡುಗಿಸಿ ಕೆಸರು ಕಲಕುವುದನ್ನು ನೋಡಿದ್ದೀರಾ? ಕಾಲು ಕಪ್ಪು, ಪಾದ ಹಳದಿ. ಮೀನು ಎದ್ದ ಕೂಡಲೇ ಕತ್ತು ಒಮ್ಮೆ ಹಿಂದಕ್ಕೆ ಮಡಚುತ್ತದೆ. ಬೆರಳು ಒತ್ತಬೇಕಾದ್ದು ಆಗಲೇ. ಕೊಕ್ಕು ನೀರು ಮುಟ್ಟಿದ ಮೇಲೆ ತಡವಾಯಿತು.

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೈಲೈಟ್ ಇಳಿಸಿ, ಕಪ್ಪನ್ನು ಸ್ವಲ್ಪ ಗಟ್ಟಿ ಮಾಡಿ. ಬೆಳಗಿನ ಹಳದಿಯನ್ನು ಪೂರ್ತಿ ಒರೆಸಬೇಡಿ, ಒರೆಸಿದರೆ ನೆರಳಿನ ಗರಿ ನೀಲಿಯಾಗುತ್ತದೆ. ನಿಮ್ಮ ಬಿಳಿ ಗೆರೆ ಬರುವುದು ಶಾರ್ಪ್‌ನೆಸ್ ಅತಿಯಾಗಿ. ಅದನ್ನು ಮಾಸ್ಕ್ ಹಾಕಿ ಹಕ್ಕಿಗೆ ಮಾತ್ರ ಕೊಡಿ, ರೇಡಿಯಸ್ (ಅಂಚಿನ ಸುತ್ತ ಅದು ಹರಡುವ ಅಗಲ) ಕಡಿಮೆ ಇಡಿ, 100 ಪರ್ಸೆಂಟ್ ಜೂಮ್‌ನಲ್ಲಿ ಕಣ್ಣನ್ನೇ ನೋಡುತ್ತಾ ಏರಿಸಿ. ನಾಯ್ಸ್ (ಕಾಳುಕಾಳಾಗಿ ಕಾಣುವ ಕಲೆ) ತೆಗೆಯುವುದು ನೀರಿಗೆ ಮಾತ್ರ. ಕ್ರಾಪ್ ಮಾಡಲು ಸಂಕೋಚ ಬೇಡ. ನಿಮ್ಮ ಫೋಟೊ 6000×4000 ಚುಕ್ಕಿಯದು. ಅರ್ಧ ಅಗಲಕ್ಕೆ ಕತ್ತರಿಸಿದರೂ 10 ಇಂಚಿನ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಲಕ್ಕವಳ್ಳಿಗೆ ಹೋಗುತ್ತಿದ್ದೇವೆ. ಭದ್ರಾ ಹಿನ್ನೀರಿನ ನಡುಗಡ್ಡೆಯಲ್ಲಿ ರೀವಗಳ (ರಿವರ್ ಟರ್ನ್ ಹಕ್ಕಿ) ಮೊಟ್ಟೆ, ಮರಿ ಹತ್ತಿರದಿಂದ ತೆಗೆಯುವುದು ಹೇಗೆ? – ತರೀಕೆರೆ ಓದುಗರು

ಉತ್ತರ: ತೆಗೆಯಬೇಡಿ. ನೀರು ಇಳಿದಾಗ ಮೇಲೆದ್ದ ಬೋಳು ನೆಲದಲ್ಲಿ ಒಂದು ಚಿಕ್ಕ ತಗ್ಗು, ಅದೇ ಅವುಗಳ ಗೂಡು. ಸುಡುವ ಬಿಸಿಲಿನಲ್ಲಿ ತಾಯಿ ತಂದೆ ಮೈಯೊಡ್ಡಿ ಮೊಟ್ಟೆಗೆ ನೆರಳು ಕೊಡುತ್ತವೆ. ನಿಮ್ಮ ದೋಣಿ ಹತ್ತಿರ ಹೋಗಿ ಅವು ಎದ್ದರೆ ಮೊಟ್ಟೆ ಬೇಯುತ್ತದೆ, ಇಲ್ಲವೇ ಹದ್ದಿನ ಪಾಲು. ಹಕ್ಕಿಗಳು ಕಿರುಚುತ್ತಾ ನೆತ್ತಿಯ ಮೇಲೆ ಎರಗುತ್ತಿದ್ದರೆ ಆಗಲೇ ಅತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ದೋಣಿಯವರಿಗೆ ‘ಅಣ್ಣಾ, ಇನ್ನೊಂಚೂರು ಮುಂದೆ’ ಅನ್ನಬೇಡಿ. ನಡುಗಡ್ಡೆಯಿಂದ ದೂರ, ನೀರಿನ ಮೇಲೆ ಕಾಯಿರಿ. ರೀವ ಮೀನು ಕಚ್ಚಿಕೊಂಡು ಗೂಡಿಗೆ ವಾಪಸ್ ಬರುವ ದಾರಿ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಶಟರ್ 1/2500, ಫೋಕಸ್ ಕಂಟಿನ್ಯೂಯಸ್, ಅಂದರೆ ಹಾರುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವುದು. ಹಳದಿ ಕೊಕ್ಕಿನಲ್ಲಿ ಅಡ್ಡ ಹಿಡಿದ ಮೀನು ಸಿಕ್ಕರೆ ನನಗೂ ಕಳಿಸಿ.