ಗೊತ್ತಿದ್ದ ಕಥೆಗೆ ಅಳು ಯಾಕೆ?

ಪ್ರಶ್ನೆ: ದೊಡ್ಡಾಟದಲ್ಲಿ ಅಭಿಮನ್ಯು ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತು. ಆದ್ರೂ ಪ್ರತಿ ಸಲ ಅಳ್ತೀವಿ. ಮಗಳ ಬಿ.ಎ. ಪುಸ್ತಕದಲ್ಲಿ ಇದಕ್ಕೆ ಅರಿಸ್ಟಾಟಲ್ 'ಕೆಥಾರ್ಸಿಸ್' ಅಂದಿದ್ದಾನೆ ಅಂತಿದೆ. ಹಾಗಂದ್ರೇನು?
– ಓದುಗರೊಬ್ಬರು, ರೋಣ

ಉತ್ತರ: ಅಕ್ಕಾರೆ, ರುದ್ರನಾಟಕ ನಮ್ಮಲ್ಲಿ ಕರುಣೆ, ಭಯ ಹುಟ್ಟಿಸಿ ಆ ಭಾವಗಳ ಕೆಥಾರ್ಸಿಸ್ ಮಾಡುತ್ತದೆ ಅಂತ ಅರಿಸ್ಟಾಟಲ್ ಬರೆದ. ಗ್ರೀಕ್ ವೈದ್ಯರು ಹೊಟ್ಟೆ ತೊಳೆಯೋದಕ್ಕೂ ಅದೇ ಪದ ಬಳಸುತ್ತಿದ್ದರು. ಮೈಲಿಗೆ ಕಳೆಯೋದಕ್ಕೂ ಅದೇ ಪದ. ಅವನು ಯಾವ ಅರ್ಥದಲ್ಲಿ ಹೇಳಿದ ಅಂತ ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ. ಅವನ ಗುರು ಪ್ಲೇಟೊಗಂತೂ ಈ ಅಳುವೇ ಬೇಡವಾಗಿತ್ತು. ಬೇರೆಯವರ ದುಃಖಕ್ಕೆ ಅತ್ತು ರೂಢಿಯಾದವರು ತಮ್ಮ ದುಃಖದಲ್ಲಿ ಗಟ್ಟಿ ನಿಲ್ಲಲಾರರು ಅಂತ ಅವನ ಮಾತು. ನಾನು ಒಪ್ಪುವುದಿಲ್ಲ. ಯಾಕೆ ಅಂತ ಎರಡು ಹಳೆಯ ಗ್ರೀಕ್ ನಾಟಕಗಳ ಕಥೆಯಿಂದ ಹೇಳುತ್ತೇನೆ.

ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಗ್ರೀಕರ ಮಿಲೆಟಸ್ ಊರನ್ನು ಹಾಳು ಮಾಡಿದರು. ಅಥೆನ್ಸಿನವರಿಗೆ ಅದು ಬಳಗದ ಊರು. ಅಥೆನ್ಸಿನ ನಾಟಕಕಾರ ಫ್ರಿನಿಕಸ್ ಅದನ್ನೇ ನಾಟಕ ಮಾಡಿದ. ನೋಡಲು ಬಂದವರೆಲ್ಲ ಅತ್ತರು, ಆಮೇಲೆ ಅವನಿಗೆ 1000 ದ್ರಾಕ್ಮಾ (ಗ್ರೀಕ್ ನಾಣ್ಯ) ದಂಡ ಹಾಕಿದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಆ ನಾಟಕ ಇನ್ನು ಯಾರೂ ಆಡಬಾರದು ಅಂತಲೂ ಆಯಿತು. ಮನೆಯ ದುಃಖ ನೆನಪಿಸಿದ್ದೇ ಅವನ ತಪ್ಪು. 480ರಲ್ಲಿ ಅದೇ ಪರ್ಷಿಯನ್ನರು ಅಥೆನ್ಸನ್ನೇ ಸುಟ್ಟರು, ಆದರೆ ಕೊನೆಗೆ ಯುದ್ಧ ಸೋತರು. ಮುಂದೆ 472ರಲ್ಲಿ ಈಸ್ಕಿಲಸ್ ಆ ಯುದ್ಧದ ಮೇಲೆ ನಾಟಕ ಬರೆದ. ಆದರೆ ರಂಗದ ಮೇಲೆ ಬಂದಿದ್ದು ಸೋತ ಪರ್ಷಿಯನ್ ರಾಜನ ತಾಯಿ. ಊರು ಸುಟ್ಟವನ ತಾಯಿಯ ಸಂಕಟವನ್ನು ಊರು ಕಳೆದುಕೊಂಡವರು ಕೂತು ನೋಡಿದರು. ಮೊದಲ ಬಹುಮಾನವನ್ನೂ ಕೊಟ್ಟರು! ಬಿ.ಎಂ.ಶ್ರೀ ಇದನ್ನು 'ಪಾರಸಿಕರು' ಅಂತ ಕನ್ನಡಕ್ಕೆ ತಂದಿದ್ದಾರೆ. ಸಿಕ್ಕರೆ ಮಗಳ ಜೊತೆ ಓದಿ.

ತೀರಾ ಹತ್ತಿರದ ನೋವು ಭಯಂಕರ, ಅಲ್ಲಿ ಕರುಣೆಗೆ ಜಾಗವಿಲ್ಲ ಅಂತ ಅರಿಸ್ಟಾಟಲ್ ಇನ್ನೊಂದು ಕಡೆ ಹೇಳುತ್ತಾನೆ. ನನಗೆ ಅದು ಅರ್ಥವಾಗಿದ್ದು ಪುಸ್ತಕದಿಂದ ಅಲ್ಲ. ನನ್ನ ತಮ್ಮ ತೀರಿಕೊಂಡ ವರ್ಷ ಕುಂದಗೋಳದ ಹತ್ತಿರ ನಮ್ಮ ಊರಲ್ಲಿ ಅಭಿಮನ್ಯುವಿನ ಆಟವಿತ್ತು. ಅವ್ವ ಅರ್ಧಕ್ಕೇ ಎದ್ದು ಬಂದಳು. ಅಳಲಿಲ್ಲ, ಮಾತೂ ಆಡಲಿಲ್ಲ. ಏಳೆಂಟು ವರ್ಷದ ಮೇಲೆ ಮತ್ತೆ ಅದೇ ಆಟ ಬಂತು. ಈ ಸಲ ಬೆಳಗಿನ ತನಕ ಕೂತಳು, ಸೆರಗು ತೋಯುವಷ್ಟು ಅತ್ತಳು. ಮನೆಗೆ ಬಂದು ಒಲೆ ಹಚ್ಚಿ ಚಹಾ ಇಟ್ಟಳು. ನನ್ನ ಕೈಗೆ ಲೋಟ ಕೊಡುತ್ತಾ, "ಪಾಪ ಸುಭದ್ರಿ, ಆಕೀಗೆ ಇದ್ದಾಂವ ಒಬ್ಬನ ಮಗ" ಅಂದಳು.