ಸರ್ಕಾರಿ ವಿಶ್ವವಿದ್ಯಾಲಯದ ಒಳಗೆ ಲಿಬರಲ್ ಆರ್ಟ್ಸ್ ಕಾಲೇಜು ಹೇಗೆ ನಡೆಯುತ್ತದೆ?

ಒಂದೇ ವಿಷಯಕ್ಕೆ ಅಂಟಿಕೊಳ್ಳದೆ ಹಲವು ವಿಷಯ ಬೆರೆಸಿ ಓದುವ ಪದವಿಗೆ ಲಿಬರಲ್ ಆರ್ಟ್ಸ್ ಅನ್ನುತ್ತಾರೆ. ಅದು ದುಬಾರಿ ಖಾಸಗಿ ಕಾಲೇಜಿನಲ್ಲಿ ಮಾತ್ರವಾ ಅಂತ ನೀವು ಕೇಳಬಹುದು. ಇಲ್ಲ. ನೆದರ್ಲ್ಯಾಂಡ್ಸ್‌ನ ಯೂನಿವರ್ಸಿಟಿ ಕಾಲೇಜ್ ಯೂಟ್ರೆಕ್ಟ್ ನೋಡಿ. ಯೂಟ್ರೆಕ್ಟ್ ವಿಶ್ವವಿದ್ಯಾಲಯ ಸಾರ್ವಜನಿಕ ವಿಶ್ವವಿದ್ಯಾಲಯ, ಈ ಕಾಲೇಜು ಅದರ ಒಳಗೇ 1998ರಲ್ಲಿ ಶುರುವಾಯಿತು. ಆ ದೇಶದಲ್ಲಿ ಈ ತರಹದ್ದು ಇದೇ ಮೊದಲು.

ಅಲ್ಲಿ ಸಾಮಾನ್ಯವಾಗಿ ವಿಶ್ವವಿದ್ಯಾಲಯಕ್ಕೆ ಸೇರುವಾಗಲೇ ಕಾನೂನೋ, ರಸಾಯನಶಾಸ್ತ್ರವೋ ಅಂತ ಒಂದು ವಿಷಯ ಹಿಡಿಯಬೇಕು, ಆಮೇಲೆ ಮನಸ್ಸು ಬದಲಾದರೆ ಬೇರೆ ಕೋರ್ಸಿಗೆ ಹೊಸದಾಗಿ ಸೇರಬೇಕಾಗುತ್ತದೆ. 18 ವರ್ಷಕ್ಕೆ ಅಷ್ಟು ಸ್ಪಷ್ಟತೆ ಎಷ್ಟು ಜನಕ್ಕೆ ಇರುತ್ತೆ, ಹೇಳಿ? ಈ ಕಾಲೇಜಿನಲ್ಲಿ ಮೊದಲು ವಿಜ್ಞಾನ, ಸಮಾಜ ವಿಜ್ಞಾನ, ಮಾನವಿಕ ಮೂರರಲ್ಲೂ ಕೋರ್ಸ್ ತಗೊಂಡು, ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳಬಹುದು. ನರವಿಜ್ಞಾನ ಓದುವವರು ಜೊತೆಗೆ ತತ್ವಶಾಸ್ತ್ರವನ್ನೂ ಓದಬಹುದು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಓದು ಮೂರು ವರ್ಷ.

ನನಗೆ ತುಂಬಾ ಹಿಡಿಸುವುದು ತರಗತಿಯ ಗಾತ್ರ. ದೊಡ್ಡ ಹಾಲ್‌ನಲ್ಲಿ ನೂರಾರು ಜನ ಸುಮ್ನೆ ಕೂತು ನೋಟ್ಸ್ ಬರೆಯುವ ಪದ್ಧತಿ ಇಲ್ಲ. ಕೋಣೆಯಲ್ಲಿ ಹೆಚ್ಚೆಂದರೆ ಇಪ್ಪತ್ತೈದು, ಮೂವತ್ತು ಜನ. ಓದದೆ ಹೋದರೆ ತಕ್ಷಣ ಗೊತ್ತಾಗುತ್ತದೆ. ಅಂಕವೂ ಬರೀ ಕೊನೆಯ ಪರೀಕ್ಷೆಯಿಂದ ಬರುವುದಿಲ್ಲ. ಪ್ರಬಂಧ, ಮಂಡನೆ, ಚರ್ಚೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಳೆಯ ಸೇನಾ ಬ್ಯಾರಕ್ ಇದ್ದ ಜಾಗವೇ ಕ್ಯಾಂಪಸ್, ವಿದ್ಯಾರ್ಥಿಗಳು ವಾಸ ಮಾಡುವುದೂ ಅಲ್ಲೇ.

ತೊಂದರೆಯೂ ಇದೆ. ಫೀಸು ಮಾಮೂಲಿ ಡಿಗ್ರಿಗಿಂತ ಜಾಸ್ತಿ, ಯುರೋಪಿನ ಹೊರಗಿನಿಂದ ಹೋಗುವವರಿಗಂತೂ ಇನ್ನೂ ಜಾಸ್ತಿ. ಆಯ್ಕೆ ಪ್ರಕ್ರಿಯೆಯೂ ಉಂಟು. ಮುಂದೆ ಮಾಸ್ಟರ್ಸ್ ಮಾಡುವ ಯೋಚನೆ ಇದ್ದರೆ ಅದಕ್ಕೆ ಯಾವ ಕೋರ್ಸ್ ಬೇಕು ಅಂತ ಮೊದಲೇ ಟ್ಯೂಟರ್ (ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಅಧ್ಯಾಪಕರು) ಹತ್ತಿರ ಕೂತು ಮಾತಾಡಿ.