ಕಲಬುರಗಿಯಲ್ಲಿ ಹೊಟ್ಟೆ ಬಂದವರು ಇಷ್ಟೊಂದು ಕಾಣುವಾಗ, ಬೊಜ್ಜಿನ ಜಾಗತಿಕ ಪಟ್ಟಿಯಲ್ಲಿ ಭಾರತ ಕೆಳಗಿರುವುದು ಯಾಕೆ?

ಆ ಪಟ್ಟಿ ಅಳೆಯುವುದು ಹೊಟ್ಟೆಯನ್ನಲ್ಲ, ಬಿಎಂಐಯನ್ನು. ಅಂದರೆ ತೂಕವನ್ನು (ಕೆಜಿ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು 30 ಮುಟ್ಟಿದರೆ ಬೊಜ್ಜು. ಅಮೆರಿಕದ ವಯಸ್ಕರಲ್ಲಿ ಸುಮಾರು 40% ಮಂದಿ ಈ ಗೆರೆ ದಾಟಿದ್ದಾರೆ. ಪೆಸಿಫಿಕ್ ಸಾಗರದ ದ್ವೀಪ ದೇಶ ಟೊಂಗಾದಲ್ಲಿ ಇನ್ನೂ ಹೆಚ್ಚು, ಜಪಾನಿನಲ್ಲಿ ತೀರಾ ಕಡಿಮೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ದಿನವಿಡೀ ಗಲ್ಲಾ ಮುಂದೆ ಕೂರುವ, 165 ಸೆಂ.ಮೀ. ಎತ್ತರ, 70 ಕೆಜಿ ತೂಕದ ಒಬ್ಬ ವ್ಯಾಪಾರಿಯನ್ನು ತಗೊಳ್ಳಿ. 70 ÷ (1.65 × 1.65) = 25.7. ಜಾಗತಿಕ ಲೆಕ್ಕಕ್ಕೆ ಸೇರಲು ಅವರು 82 ಕೆಜಿ ಆಗಬೇಕು! ಆದರೆ ಅಷ್ಟೇ ಬಿಎಂಐ ಇರುವ ಯುರೋಪಿನವರಿಗಿಂತ ನಮ್ಮವರ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯೊಳಗೆ. ಸಕ್ಕರೆ ಕಾಯಿಲೆ ಬೇಗ ಹಿಡಿಯಲು ಇದೂ ಒಂದು ಕಾರಣ. ಹಾಗಾಗಿ ಭಾರತೀಯರಿಗೆ ವೈದ್ಯರು 25ಕ್ಕೇ ಗೆರೆ ಎಳೆಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆ ಗೆರೆ ಮುಟ್ಟಿದ ಮಹಿಳೆಯರು 24%, ಪುರುಷರು ಸುಮಾರು 23%.

ದೇಶಗಳನ್ನು ಹೋಲಿಸುವಾಗ ತೂಕ ತೂಗಿದ್ದೋ, ಜನ ಬಾಯಲ್ಲಿ ಹೇಳಿದ್ದೋ ನೋಡಿ. ಹೇಳುವಾಗ ಬಹಳಷ್ಟು ಮಂದಿ ತೂಕ ಇಳಿಸುತ್ತಾರೆ, ಎತ್ತರ ಏರಿಸುತ್ತಾರೆ. ಮನೆಯಲ್ಲಾದರೆ ಟೇಪೇ ವಾಸಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಪರೀಕ್ಷೆ ಮಾಡಿಸಿ.